ಸಂಕ ದಾಟಿ ಬರುವ ಮಷಿನ್ನು ಯಾವುದು?

ಸಿದ್ದಾಪುರ ಕಡೆಯ ಜಮೀನು ಅಂದರೆ ಒಂದೇ ತರದ ನೆಲ ಅಲ್ಲ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಅದರಾಚೆ ಒಂದಿಷ್ಟು ಗದ್ದೆ, ಮೇಲೆ ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಪಕ್ಕದಲ್ಲಿ ಹುಲ್ಲಿನ ಬೇಣ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟಿದ್ದಾರೆ. ಹಾಗಾಗಿ ತೋಟ ಸಣ್ಣದಾದರೂ ನೋಡಿಕೊಳ್ಳಬೇಕಾದ ಜಾಗ ದೊಡ್ಡದು. ಆಳು ಸಿಗುವುದು ಕಷ್ಟವಾದ ಮೇಲೆ ನಾವೂ ಒಂದೊಂದೇ ಮಷಿನ್ನು ತರಲು ಶುರು ಮಾಡಿದೆವು.

ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ತೋಟ ಸುತ್ತಿದೆ. ಮಷಿನ್ನಿಗೆ ಎಷ್ಟು ಎಚ್‌ಪಿ ಅನ್ನುವುದಕ್ಕಿಂತ ಅದು ಕೆಲಸದ ಜಾಗ ಮುಟ್ಟುತ್ತದಾ ಅನ್ನುವುದೇ ನಮ್ಮಲ್ಲಿ ಮೊದಲ ಪ್ರಶ್ನೆ. ನಮ್ಮ ತೋಟಕ್ಕೆ ಇಳಿಯಬೇಕಾದರೆ ಹಳ್ಳಕ್ಕೆ ಹಾಕಿದ ಸಂಕ, ಅಂದರೆ ಕಾಲುಸೇತುವೆ ದಾಟಬೇಕು. ಸಂಕ ಎರಡೂವರೆ ಅಡಿ. ಮಿನಿ ಟ್ರಾಕ್ಟರಿಗೆ ಕಡಿಮೆ ಅಂದರೂ ಮೂರು ಅಡಿ ಬೇಕು. 'ಸಂಕ ಅಗಲ ಮಾಡಿಸಿದರಾಯ್ತಲ್ಲ ಭಾವ' ಅಂದ ನನ್ನ ಹೆಂಡತಿಯ ತಮ್ಮ. ಮಾಡಿಸಬಹುದು. ಆದರೆ ಒಳಗೆ ಬಂದ ಟ್ರಾಕ್ಟರು ಮಾಡುವುದೇನು? ಅಡಿಕೆ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆದರೆ ಕಳೆಯ ಜೊತೆ ಬೇರೂ ಹೋಗುತ್ತದೆ. ನಡುವೆ ಬಸಿಗಾಲುವೆ, ಬಾಳೆ, ಏಲಕ್ಕಿ ಬೇರೆ. ಗದ್ದೆಗೆ ಟಿಲ್ಲರ್ ಬೇಕು, ನಿಜ. ಅದು ವರ್ಷಕ್ಕೆ ಕೆಲವೇ ದಿನದ ಕೆಲಸ. ಸರ್ಕಾರದ ಬಾಡಿಗೆ ಯಂತ್ರ ಕೇಂದ್ರವಾದ ಕೃಷಿ ಯಂತ್ರಧಾರೆಯಿಂದಲೋ ಊರಲ್ಲಿ ಯಾರಿಂದಲೋ ಬಾಡಿಗೆಗೆ ತಂದರೆ ಮುಗಿಯಿತು. ಅಗಳ (ಗಡಿಯ ಕಂದಕ) ತೆಗೆಸುವುದಕ್ಕೆ ಜೆಸಿಬಿಯೂ ಹಾಗೇ. ಸಂಕ ದಾಟಿ ಗೊಬ್ಬರ ಸಾಗಿಸುವುದಕ್ಕೆ ಮಾತ್ರ ಸಣ್ಣ ಮೋಟಾರು ಕೈಗಾಡಿ ತಂದೆವು.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಕಳೆ ಹೊಡೆಯುವ ಮಷಿನ್ನಿಗೆ. ದಿನಗಟ್ಟಲೆ ಮೈಮೇಲೆ ಹೊತ್ತು ಓಡಾಡಬೇಕಾದ ಮಷಿನ್ನು ಅದೊಂದೇ ಅಲ್ವಾ? ಟೂ ಸ್ಟ್ರೋಕ್ ಎಂಜಿನ್ನಿನದು ಹಗುರ, ರಿಪೇರಿ ಸುಲಭ, ದರವೂ ಕಡಿಮೆ. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಅದೂ ಕಂಪನಿ ಹೇಳಿದ ಅಳತೆಯಲ್ಲೇ: 50ಕ್ಕೆ 1 ಅಂದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂದರೆ 40 ಎಂಎಲ್. ಕೆಲಸದವರು ಬದಲಾಗುತ್ತಿರುವ ಮನೆಯಲ್ಲಿ ಆಯಿಲ್ ಬೆರೆಸದ ಪೆಟ್ರೋಲು ಒಂದು ಸಲ ಟ್ಯಾಂಕಿಗೆ ಹೋದರೂ ಸಾಕು, ಪಿಸ್ಟನ್ ಜಾಮ್. ಜೊತೆಗೆ ಹೊಗೆ. ಗಾಳಿ ಆಡದ ಕಣಿವೆಯಲ್ಲಿ ಅದು ಮುಖದ ಸುತ್ತಲೇ ನಿಂತಿರುತ್ತದೆ. ಹಾಗಾಗಿ 35 ಸಿಸಿಯ ಫೋರ್ ಸ್ಟ್ರೋಕ್ ಆರಿಸಿದೆ. ಇದರಲ್ಲಿ ಆಯಿಲ್ ಬೇರೆ, ಪೆಟ್ರೋಲ್ ಬೇರೆ.

ಬೆನ್ನಿಗೆ ಹಾಕುವುದೋ, ಪಕ್ಕಕ್ಕೆ ನೇತುಹಾಕುವುದೋ ಅನ್ನುವುದನ್ನು ಅಂಗಡಿಯಲ್ಲೇ ಬೆಲ್ಟ್ ಹಾಕಿಸಿಕೊಂಡು ನೋಡಬೇಕು. ಅಂಗಡಿಯ ನೆಲ ಸಪಾಟು, ಅಲ್ಲಿ ಎಲ್ಲವೂ ಚೆನ್ನಾಗೇ ಇರುತ್ತದೆ. ನಾನು ಹೊರಗಿನ ಮೆಟ್ಟಿಲ ಮೇಲೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ಬೀಸಿ ನೋಡಿದೆ. ಪಕ್ಕಕ್ಕೆ ನೇತುಹಾಕುವುದರ ಉದ್ದ ಕೋಲು ಏರಿನ ಕಡೆ ಮಣ್ಣಿಗೆ ತಾಗುತ್ತಿತ್ತು. ಬೆನ್ನಿಗೆ ಹಾಕುವುದು ತೂಕ ಜಾಸ್ತಿ, ಆದರೆ ಬಾಗುವ ಕೊಳವೆ ಇರುವುದರಿಂದ ಕೈ ಬೇಕಾದ ಕಡೆ ತಿರುಗುತ್ತದೆ. ದರೆ ಅಂಚು, ಬೇಣ, ಬೆಟ್ಟದ ಏರು ಇದ್ದವರಿಗೆ ಅದೇ ಸರಿ. ಬಯಲಿನ ತೆಂಗಿನ ತೋಟದವರು ಸುಮ್ನೆ ಆ ಭಾರ ಹೊರಬೇಕಾಗಿಲ್ಲ.

ಮಷಿನ್ನಿನ ತಲೆಗೆ ಏನು ಹಾಕುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ತೋಟದೊಳಗೆ ನೈಲಾನ್ ದಾರ, ಬೆಟ್ಟದ ಪೊದೆಗೆ ಮೂರು ಹಲ್ಲಿನ ಬ್ಲೇಡು. ಬ್ಲೇಡು ಅಡಿಕೆ ಬುಡಕ್ಕೆ ತಾಗಿದರೆ ಗಾಯ ಹಾಗೇ ಉಳಿಯುತ್ತದೆ, ಅಡಿಕೆ ಮರ ತೊಗಟೆ ಕಟ್ಟಿ ಮುಚ್ಚಿಕೊಳ್ಳುವ ಜಾತಿಯಲ್ಲ. ನೈಲಾನ್ ದಾರವೂ ಸಾಧು ಅಲ್ಲ. ಎಳೇ ಸಸಿ, ಮೆಣಸಿನ ಬಳ್ಳಿ, ಡ್ರಿಪ್ ಪೈಪು ಯಾವುದನ್ನೂ ಬಿಡುವುದಿಲ್ಲ. ನಮ್ಮಲ್ಲಿ ನೀರು ಚಿಮ್ಮಿಸುವ ಜೆಟ್ ಇರುವ ಕಡೆಯೆಲ್ಲ ಒಂದೊಂದು ಗೂಟ ಹುಗಿದಿಟ್ಟಿದ್ದೇವೆ. ಗೂಟದ ಸುತ್ತ ಕತ್ತಿಯಲ್ಲೇ ಸವರುವುದು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇಲ್ಲದವರ ಕೈಗೆ ಮಷಿನ್ನು ಕೊಡುವುದಿಲ್ಲ. ಕಲ್ಲು ಹೇಗೆ ಸಿಡಿಯುತ್ತದೆ ಅಂತ ನೋಡಿದವರು ಮರುಮಾತಾಡುವುದಿಲ್ಲ.

ಮಳೆಗಾಲದ ವಿಷಯ ಮರೆಯಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರವೇ! ಮಷಿನ್ನು ಅಟ್ಟಕ್ಕೆ ಹೋಗುವ ಮೊದಲು ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರ್ ಒಣಗಿಸಿಡುತ್ತೇವೆ.

ಮರ ಕೊಯ್ಯುವ ಚೈನ್ ಸಾ 16 ಇಂಚಿನದೇ ಸಾಕು ಅಂತ ತೀರ್ಮಾನಿಸಿದ್ದಕ್ಕೆ ಕಾರಣ ಇದೆ. ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು. ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಮರ ಕಡಿಯುವಂತಿಲ್ಲ. ಬಿದ್ದ ಅಡಿಕೆ ಮರ, ದಾರಿಗೆ ಅಡ್ಡ ಬಂದ ಟೊಂಗೆ ತುಂಡು ಮಾಡುವುದಕ್ಕೆ ದೊಡ್ಡದು ಯಾಕೆ?

ಇಂಥ ಮಷಿನ್ನುಗಳಿಗೆ ಸಬ್ಸಿಡಿ ಇದೆ. ಪಹಣಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಕೊಟ್ಟು ಅರ್ಜಿ ಹಾಕಬೇಕು, ಪಟ್ಟಿಯಲ್ಲಿರುವ ಮಾಡೆಲ್ಲೇ ತಗೋಬೇಕು. ನಾನು ಪಟ್ಟಿ ಹಿಡಿದು ಮೊದಲು ಹೋಗಿದ್ದು ಪೇಟೆಯ ಮೆಕ್ಯಾನಿಕ್ ಹತ್ತಿರ. 'ಇವುಗಳಲ್ಲಿ ಯಾವುದರ ಕ್ಲಚ್ಚು, ಸ್ಟಾರ್ಟರ್ ಹಗ್ಗ ನಿನ್ನ ಹತ್ತಿರ ಈಗಲೇ ಇದೆ?' ಅಂತ ಕೇಳಿದೆ. ಅವನು ತೋರಿಸಿದ ಎರಡರಲ್ಲೇ ಒಂದನ್ನು ಆರಿಸಿದ್ದು.

ಮದ್ದು ಹೊಡೆಯಲು ಜೋರು ಒತ್ತಡದ ಎಚ್‌ಟಿಪಿ ಪಂಪು ಮೊದಲೇ ಇತ್ತು. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಮುಗಿದ ಕೂಡಲೇ ಶುದ್ಧ ನೀರು ಹಾಯಿಸಿ ತೊಳೆಯುವುದು ಬಿಟ್ಟರೆ ಅದಕ್ಕೆ ಬೇರೆ ಉಪಚಾರ ಇಲ್ಲ. ತೊಳೆಯದಿದ್ದರೆ ಸುಣ್ಣ ಗಟ್ಟಿಯಾಗಿ ವಾಲ್ವು ಕೂರುತ್ತದೆ.

ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಸಿಗದ ವರ್ಷ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ತಂದೆವು. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಮದ್ದೂ ಹೊಡೆಯಬಹುದು. ಕುತ್ತಿಗೆ ನೋವು ಗ್ಯಾರಂಟಿ, ಒಬ್ಬರೇ ಇಡೀ ದಿನ ಮಾಡುವ ಕೆಲಸ ಅಲ್ಲ. ಒಂದು ವಿಷಯ ಅಂಗಡಿಯವರು ಹೇಳುವುದು ಕಡಿಮೆ: ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಅಂಚಿನಲ್ಲಿ ಲೈನ್ ಹೋಗಿದ್ದರೆ ಆ ಪಕ್ಕದ ಸಾಲುಗಳಿಗೆ ದೋಟಿ ಎತ್ತಲೇಬೇಡಿ. ನಮ್ಮಲ್ಲಿ ಆ ಸಾಲುಗಳನ್ನು ಈಗಲೂ ಕೊನೆಗೌಡರಿಗೇ ಬಿಟ್ಟಿದ್ದೇವೆ, ಅದೂ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿಕೊಂಡ ಮೇಲೆ.