160ರ ಆಸೆ, 130ರ ಸೈಕಲ್: ನನ್ನ ಮೊದಲ ಫುಲ್ ಸಸ್ಪೆನ್ಷನ್

ನಾಲ್ಕು ವರ್ಷ ನಾನು ಓಡಿಸಿದ್ದು ಹಾರ್ಡ್‌ಟೇಲ್ ಅನ್ನುವ ಬಗೆಯ ಮೌಂಟನ್ ಬೈಕ್. ಮುಂದೆ ಗುದ್ದು ನುಂಗುವ ಫೋರ್ಕ್ ಇತ್ತು, ಹಿಂದೆ ಏನೂ ಇರಲಿಲ್ಲ. ಕಲ್ಲು, ಬೇರು ಬಂದರೆ ನನ್ನ ಮೊಣಕಾಲೇ ಶಾಕ್ ಅಬ್ಸಾರ್ಬರ್. ಅದರ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಆದರೆ ಉದ್ದನೆಯ ಇಳಿಜಾರು ಮುಗಿಸಿದ ದಿನ ಸಂಜೆ ಸೊಂಟ ಹಿಡಿದುಕೊಳ್ಳಲು ಶುರುವಾದ ಮೇಲೆ, ಹಿಂದೆಯೂ ಶಾಕ್ ಇರುವ ಫುಲ್ ಸಸ್ಪೆನ್ಷನ್ ತಗೊಳ್ಳೋಣ ಅಂತ ತೀರ್ಮಾನಿಸಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಟ್ರಾವೆಲ್. ಗುದ್ದು ಬಿದ್ದಾಗ ಚಕ್ರ ಎಷ್ಟು ಮಿಲಿಮೀಟರ್ ಮೇಲೆ ಸರಿಯಬಲ್ಲದು ಅನ್ನುವ ಲೆಕ್ಕ ಅದು. ಹಗುರವಾದ ಕ್ರಾಸ್ ಕಂಟ್ರಿ ಸೈಕಲ್‌ಗಳಲ್ಲಿ 100ರಿಂದ 120, ಏರು ಇಳಿತ ಎರಡಕ್ಕೂ ಆಗುವ ಟ್ರೇಲ್ ಸೈಕಲ್‌ಗಳಲ್ಲಿ 120ರಿಂದ 150, ಒರಟು ಇಳಿಜಾರಿನ ಎಂಡ್ಯೂರೋದಲ್ಲಿ 150ರಿಂದ 180, ಬರೀ ಇಳಿಯಲಿಕ್ಕೇ ಇರುವ ಡೌನ್‌ಹಿಲ್‌ನಲ್ಲಿ 200ರ ಆಸುಪಾಸು. ಈ ಗಡಿಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ, ತೀರಾ ನಂಬಬೇಡಿ. ನನ್ನ ಮನಸ್ಸು 160ರ ಮೇಲೆ ಕೂತುಬಿಟ್ಟಿತ್ತು. ಹಾಸಿಗೆ ದೊಡ್ಡದಿದ್ದರೆ ಕಾಲು ಆರಾಮಾಗಿ ಚಾಚಬಹುದು, ಅಲ್ವಾ?

ಗೆಳೆಯನೊಬ್ಬನ ಹತ್ತಿರ ಅಂಥದ್ದೇ ಸೈಕಲ್ ಇತ್ತು. ಒಂದು ವಾರ ಕೊಡು ಅಂತ ಕೇಳಿ ತಂದೆ. ಕಲ್ಲಿನ ಇಳಿಜಾರಿನಲ್ಲಿ ಅದು ನಿಜಕ್ಕೂ ಬೇರೆಯೇ ಲೋಕ. ನಾನು ಇಳಿದು ತಳ್ಳಿಕೊಂಡು ಹೋಗುತ್ತಿದ್ದ ಜಾಗದಲ್ಲಿ ಬ್ರೇಕ್ ಬಿಟ್ಟು ಹೋದೆ. ಆದರೆ ನಾನು ದಿನಾ ಹೋಗುವ ಟ್ರೇಲ್‌ನಲ್ಲಿ ಅದು ಸಪ್ಪೆ. ಏರಿನಲ್ಲಿ ಎಳೆಯುತ್ತದೆ. ಸಣ್ಣ ದಿಣ್ಣೆಯಿಂದ ಹಾರೋಣ ಅಂತ ಅದುಮಿದರೆ ಆ ಅದುಮನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ. ಏರಿನ ಕಷ್ಟಕ್ಕೆ ಕಾರಣ ತೂಕ ಅಂದುಕೊಂಡಿದ್ದೆ. ಆಮೇಲೆ ಗೆಳೆಯ ಹೇಳಿದ: "ತೂಕಕ್ಕಿಂತ ಟೈರ್ ನೋಡು. ದಪ್ಪ ಗೋಡೆ, ಮೆತ್ತನೆ ರಬ್ಬರ್. ನೆಲಕ್ಕೆ ಅಂಟಿಕೊಂಡು ಉರುಳುತ್ತೆ." ಅದೂ ಸರಿ. ಆದರೆ ಅಂಥ ಸೈಕಲ್‌ಗೆ ಅಂಥ ಟೈರ್ ಬೇಕೇ ಬೇಕು. ಅದನ್ನು ತೆಗೆದು ಹಗುರದ್ದು ಹಾಕುವುದಾದರೆ ಆ ಸೈಕಲ್ ಯಾಕೆ?

ಅಲ್ಲಿಂದ ಒಂದು ಚಿಲ್ಲರೆ ಕೆಲಸ ಮಾಡಿದೆ. ಎರಡು ತಿಂಗಳು, ಪ್ರತಿ ಸವಾರಿ ಮುಗಿಸಿ ಬಂದು ಎಲ್ಲಿಗೆ ಹೋಗಿದ್ದೆ, ಎಲ್ಲಿ ಹೆದರಿದೆ, ಎಲ್ಲಿ ಖುಷಿಯಾಯಿತು ಅಂತ ನಾಲ್ಕು ಸಾಲು ಬರೆದಿಟ್ಟೆ. ಒಟ್ಟು 21 ಸವಾರಿ. ಅದರಲ್ಲಿ 17 ಏರು, ತಿರುವು, ಬೇರುಗಳ ದಾರಿ. ದೊಡ್ಡ ಕಲ್ಲಿನ ಇಳಿಜಾರು ಬರೀ 4. ಆ ನಾಲ್ಕಕ್ಕೋಸ್ಕರ ಹದಿನೇಳರಲ್ಲಿ ಸುಮ್ನೆ ಭಾರ ಹೊರಬೇಕಾ ಅನ್ನಿಸಿತು. ಹಿಂದೆ 130, ಮುಂದೆ 140 ಇರುವ ಸೈಕಲ್ ಹುಡುಕಲು ಶುರುಮಾಡಿದ್ದು ಆಮೇಲೆ.

ಸೈಜಿನಲ್ಲೂ ಒಮ್ಮೆ ಎಡವಿದೆ. ಮೊದಲೆಲ್ಲ ಸೀಟ್ ಟ್ಯೂಬ್, ಅಂದರೆ ಸೀಟಿನ ಕೆಳಗಿನ ಕೊಳವೆಯ ಉದ್ದ ನೋಡಿ ಸೈಜ್ ಹೇಳುತ್ತಿದ್ದರು. ಈಗಿನ ಸೈಕಲ್‌ಗಳಲ್ಲಿ ಸೀಟ್ ಟ್ಯೂಬ್ ಬೇಕಂತಲೇ ಗಿಡ್ಡ, ಓಡಿಸುತ್ತಲೇ ಸೀಟ್ ಇಳಿಸಲು ಬಿಡುವ ಡ್ರಾಪರ್ ಪೋಸ್ಟ್ ಪೂರ್ತಿ ಇಳಿಯಲಿ ಅಂತ. ಅದಕ್ಕೇ ನೋಡಬೇಕಾದ್ದು ರೀಚ್. ಪೆಡಲ್ ಮೇಲೆ ಎದ್ದು ನಿಂತಾಗ ಕೈ ಮತ್ತು ಕಾಲಿನ ನಡುವೆ ಎಷ್ಟು ಜಾಗ ಸಿಗುತ್ತದೆ ಅಂತ ಹೇಳುವ ಅಳತೆ ಅದು. ನನ್ನ ಹಳೇ ಸೈಕಲ್‌ನದು 415 ಮಿಲಿಮೀಟರ್. ಮೀಡಿಯಂ ಅಂತ ಬರೆದಿದ್ದ ಹೊಸ ಕಾಲದ ಫ್ರೇಮ್‌ಗಳು 450 ದಾಟಿದ್ದವು. ಹೆದರಿ ಸ್ಮಾಲ್ ಓಡಿಸಿ ನೋಡಿದೆ, ಕೂತಾಗ ಮೊಣಕಾಲು ಹ್ಯಾಂಡಲ್‌ಬಾರ್ ಹತ್ತಿರಕ್ಕೇ ಬಂತು. ರೀಚ್ ಉದ್ದವಾದ ಹಾಗೆ ಹ್ಯಾಂಡಲ್‌ಬಾರ್ ಹಿಡಿದಿರುವ ಸ್ಟೆಮ್ ಗಿಡ್ಡವಾಗಿದೆ, ಸೀಟ್ ಟ್ಯೂಬ್ ನೆಟ್ಟಗಾಗಿದೆ. ಒಂದು ಅಂಕಿ ಮಾತ್ರ ಹಿಡಿದು ಹೋಲಿಸಿದರೆ ಮೋಸ ಹೋಗುತ್ತೇವೆ. ಕಡೆಗೆ ಮೀಡಿಯಂಗೇ ಬಂದೆ.

ಚಕ್ರ 29 ಇಂಚಾ, 27.5 ಇಂಚಾ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಾನು ಮಾಡಲಿಲ್ಲ. ಇಷ್ಟವಾದ ಸೈಕಲ್‌ನಲ್ಲಿ 29 ಇತ್ತು, ಅಷ್ಟೇ. ಗೇರು ಕೂಡ ಹಾಗೇ, ಸವೆದರೆ ಬದಲಿಸಬಹುದು. ಡ್ರಾಪರ್ ಮಾತ್ರ ಇರಲೇಬೇಕು ಅಂತ ಹಟ ಹಿಡಿದೆ. ಅದಿಲ್ಲದ ಸಸ್ಪೆನ್ಷನ್ ಸೈಕಲ್ ಅರ್ಧ ಸೈಕಲ್ ಅಂತ ನನ್ನ ಅಭಿಪ್ರಾಯ.

ಹೊಸದಕ್ಕೆ ಕೈಯಲ್ಲಿದ್ದ ದುಡ್ಡು ಸಾಲಲಿಲ್ಲ. ಸಾಲುವ ಹೊಸ ಸೈಕಲ್‌ಗಳೂ ಇದ್ದವು ಅನ್ನಿ. ಅವುಗಳ ಶಾಕ್ ಅಂದರೆ ಬರೀ ಒಂದು ಸ್ಪ್ರಿಂಗ್, ಪುಟಿಯುವುದನ್ನು ತಡೆಯುವ ಡ್ಯಾಂಪಿಂಗ್ ಇಲ್ಲ. ಅದುಮಿದರೆ ಚೆಂಡಿನ ಹಾಗೆ ಪುಟಿಯುತ್ತವೆ. ಅದಕ್ಕಿಂತ ಒಳ್ಳೇ ಹಾರ್ಡ್‌ಟೇಲ್ ವಾಸಿ. ಹಾಗಾಗಿ ಸೆಕೆಂಡ್ ಹ್ಯಾಂಡ್.

ನೋಡಲು ಹೋದಾಗ ಮಾಡಿದ ಪರೀಕ್ಷೆ ಇದು. ಸೀಟ್ ಹಿಡಿದು ಮೆಲ್ಲಗೆ ಎತ್ತಬೇಕು. ಹಿಂದಿನ ಚಕ್ರ ನೆಲ ಬಿಡುವ ಮೊದಲೇ ಟಕ್ ಅಂತ ಆಡಿದರೆ ಎಲ್ಲೋ ಸಡಿಲ ಇದೆ ಅಂತ. ಒಂದು ಕೈಯಲ್ಲಿ ಎತ್ತುತ್ತಾ ಇನ್ನೊಂದು ಕೈ ಬೆರಳನ್ನು ಒಂದೊಂದೇ ಪಿವೊಟ್ (ಹಿಂಭಾಗ ಆಡುವ ಕೀಲು) ಮೇಲಿಟ್ಟರೆ ಯಾವುದು ಅಂತ ಬೆರಳಿಗೇ ಗೊತ್ತಾಗುತ್ತದೆ. ಮೊದಲು ನೋಡಿದ ಸೈಕಲ್‌ನಲ್ಲಿ ಪಿವೊಟ್‌ಗಳೆಲ್ಲ ಗಟ್ಟಿ ಇದ್ದವು, ಆದರೆ ಶಾಕಿನ ಹೊಳೆಯುವ ದಂಡದ ಮೇಲೆ ಉಗುರಿಗೆ ಸಿಗುವಷ್ಟು ಗೀರು, ಸುತ್ತ ಎಣ್ಣೆ. ಆ ಗೀರು ಪ್ರತಿ ಸಲ ಗಾಳಿ, ಎಣ್ಣೆ ಹಿಡಿದಿಡುವ ಸೀಲನ್ನು ತಿನ್ನುತ್ತದೆ. ಬೇಡ ಅಂದೆ. ಎರಡನೆಯದರಲ್ಲಿ ಟಕ್ ಅನ್ನುತ್ತಿತ್ತು, ಆದರೆ ಶಾಕನ್ನು ಫ್ರೇಮಿಗೆ ಕೂರಿಸುವ ಬುಷ್‌ನಲ್ಲಿ ಮಾತ್ರ. ಅದು ಸಣ್ಣ ಬಿಡಿಭಾಗ. ಪಿವೊಟ್ ಬೇರಿಂಗ್‌ಗಳೆಲ್ಲ ಹೋಗಿದ್ದರೆ ಕತೆ ಬೇರೆ. ಮಾರುವವರಿಗೆ ಹೇಳಿ ಶಾಕ್ ಬಿಚ್ಚಿಸಿ, ಹಿಂದಿನ ತ್ರಿಕೋನವನ್ನು (ಹಿಂದಿನ ಚಕ್ರ ಹಿಡಿದಿರುವ ಫ್ರೇಮಿನ ಭಾಗ) ಕೈಯಿಂದ ಮೇಲೆ ಕೆಳಗೆ ಆಡಿಸಿದೆ. ಎಲ್ಲೂ ತಡೆಯದೆ ನುಣ್ಣಗೆ ಬಂತು. ಫ್ರೇಮಿನ ಕೆಳಗಿನ ಕೊಳವೆಯಾದ ಡೌನ್ ಟ್ಯೂಬ್ ಕೆಳಗೆ, ಪಿವೊಟ್ ಸುತ್ತ ಬಿರುಕಿದೆಯಾ ಅಂತ ಟಾರ್ಚ್ ಹಾಕಿ ನೋಡಿದೆ. ತಗೊಂಡೆ.

ಮೊದಲ ಸವಾರಿ ಪೂರ್ತಿ ನಿರಾಸೆ. ಇದಕ್ಕಿಂತ ನನ್ನ ಹಾರ್ಡ್‌ಟೇಲೇ ಮೆತ್ತಗಿತ್ತು! ಮನೆಗೆ ಬಂದು ಸ್ಯಾಗ್ ಅಳೆದ ಮೇಲೆ ಗುಟ್ಟು ಬಿಟ್ಟುಕೊಟ್ಟಿತು. ಸ್ಯಾಗ್ ಅಂದರೆ ನಮ್ಮ ತೂಕಕ್ಕೇ ಶಾಕ್ ಎಷ್ಟು ಕುಸಿಯುತ್ತದೆ ಅನ್ನುವುದು. ಟ್ರೇಲ್ ಸೈಕಲ್‌ನಲ್ಲಿ ಹಿಂದೆ ಶೇಕಡಾ 25ರಿಂದ 30 ಇರಬೇಕು. ನನ್ನ ಶಾಕಿನ ಸ್ಟ್ರೋಕ್ (ಶಾಕ್ ಪೂರ್ತಿ ಕುಸಿಯಬಲ್ಲ ಉದ್ದ) 55 ಮಿಲಿಮೀಟರ್, ಅಂದರೆ ಸುಮಾರು 14ರಿಂದ 16. ನನಗೆ ಬಂದದ್ದು 8. ಹಳೇ ಮಾಲೀಕರು ನನಗಿಂತ ದಪ್ಪ ಆಳು, ತಮ್ಮ ತೂಕಕ್ಕೆ ಗಾಳಿ ತುಂಬಿಸಿದ್ದರು.

ಅಳೆಯುವಾಗ ಹೆಲ್ಮೆಟ್, ಶೂ, ತುಂಬಿದ ನೀರಿನ ಬ್ಯಾಗ್ ಎಲ್ಲ ಹಾಕಿಕೊಂಡು, ಗೋಡೆಗೆ ಒರಗಿ, ಪೆಡಲ್ ಮೇಲೆ ನಿಂತು ಎರಡು ಸಲ ಕುಲುಕಿ, ಆಮೇಲೆ ಸೀಟಿನ ಮೇಲೆ ಕೂರಬೇಕು. ಬ್ರೇಕ್ ಹಿಡಿಯಬಾರದು. ಇನ್ನೊಬ್ಬರು ಶಾಕಿನ ಮೇಲಿರುವ ರಬ್ಬರ್ ಉಂಗುರವನ್ನು ಸೀಲ್ ತನಕ ತಳ್ಳಬೇಕು. ಆಮೇಲೆ ಕುಲುಕದೆ ಇಳಿಯಬೇಕು. ಸೀಲಿನಿಂದ ಉಂಗುರದ ತನಕ ಎಷ್ಟು ದೂರವೋ ಅದೇ ಸ್ಯಾಗ್.

ಇಲ್ಲೂ ಒಂದು ಪೆದ್ದುತನ ಮಾಡಿದೆ. ಪಂಪ್ ತೆಗೆದು, ಮತ್ತೆ ಹಾಕಿ ನೋಡಿದರೆ ಮೀಟರ್ ಕಡಿಮೆ ತೋರಿಸುತ್ತಿತ್ತು. ಶಾಕ್ ಸೋರುತ್ತಿದೆ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ. ಸೋರಿಕೆ ಏನೂ ಇಲ್ಲ, ಪಂಪ್ ಸಿಕ್ಕಿಸಿದಾಗ ಶಾಕಿನ ಗಾಳಿಯೇ ಅದರ ಪೈಪಿಗೆ ನುಗ್ಗುತ್ತದೆ. ಇನ್ನೊಂದು, ಗಾಳಿ ತುಂಬುವಾಗ ಪ್ರತಿ 50 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಒಮ್ಮೆ ಶಾಕನ್ನು ನಿಧಾನವಾಗಿ ಹತ್ತು ಸಲ ಅದುಮಬೇಕು. ಒಳಗಿನ ಎರಡು ಗಾಳಿಕೋಣೆಗಳು ಸಮಕ್ಕೆ ಬರುವುದು ಹಾಗೆ.

210ರಲ್ಲಿದ್ದದ್ದನ್ನು 160 ಪಿಎಸ್‌ಐಗೆ ಇಳಿಸಿದೆ. ಸ್ಯಾಗ್ 15ಕ್ಕೆ ಬಂತು. ಶಾಕ್ ವಾಪಸ್ ಬರುವ ವೇಗವನ್ನು ಹಿಡಿತದಲ್ಲಿಡುವ ರಿಬೌಂಡ್ ಕೂಡ ಎರಡು ಕ್ಲಿಕ್ ಬಿಡಿಸಬೇಕಾಯಿತು. ಗಾಳಿ ಕಡಿಮೆಯಾದ ಮೇಲೆ ಹಳೇ ಸೆಟ್ಟಿಂಗ್‌ನಲ್ಲಿ ಶಾಕ್ ತುಂಬ ನಿಧಾನ ವಾಪಸ್ ಬರುತ್ತಿತ್ತು. ಸಾಲಾಗಿ ಬೇರು ಬಂದರೆ ಒಂದರ ಮೇಲೊಂದು ಕುಸಿದು ಮೇಲೇಳುತ್ತಲೇ ಇರಲಿಲ್ಲ.

ನಾನು ಎದುರುನೋಡಿರದ ಲಾಭ ಸಿಕ್ಕಿದ್ದು ಏರಿನಲ್ಲಿ. ಬೇರುಗಳ ಮೇಲೆ ಕೂತೇ ತುಳಿಯಬಹುದು, ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಕಿರಿಕಿರಿ ಅಂದರೆ ಪೆಡಲ್. ಸ್ಯಾಗ್‌ನಿಂದ ಸೈಕಲ್ ತಗ್ಗುವುದರಿಂದ ಮೊದಲ ಎರಡು ವಾರ ಪೆಡಲ್ ಎಷ್ಟು ಕಲ್ಲಿಗೆ ಬಡಿಯಿತೋ ಲೆಕ್ಕವಿಲ್ಲ.

ಈಗಲೂ ಸವಾರಿ ಮುಗಿದ ಮೇಲೆ ಆ ರಬ್ಬರ್ ಉಂಗುರ ಎಲ್ಲಿದೆ ಅಂತ ನೋಡುತ್ತೇನೆ. ದಿನಾ ಹೋಗುವ ದಾರಿಯಲ್ಲಿ ಅದು ಕೊನೆಗೆ ಏಳೆಂಟು ಮಿಲಿಮೀಟರ್ ಇರುವಾಗಲೇ ನಿಲ್ಲುತ್ತದೆ. ಪೂರ್ತಿ ತುದಿ ಮುಟ್ಟಿದ್ದು ಒಂದೇ ಕಡೆ, ನಾನು ಮೊದಲು ಇಳಿದು ತಳ್ಳುತ್ತಿದ್ದ ಆ ಕಲ್ಲಿನ ಇಳಿಜಾರಿನಲ್ಲಿ. ಅಲ್ಲಿ ಗೆಳೆಯ ಈಗಲೂ ನನಗಿಂತ ಮುಂದೆ ಹೋಗುತ್ತಾನೆ. ಏರಿನಲ್ಲಿ ಅವನಿಗೆ ನಾನು ಕಾಯುತ್ತೇನೆ.