ಭತ್ತದಲ್ಲಿ ಹೊಸ ವೈರಸ್: ಸಾಕ್ಷಿ ಹೇಳಬೇಕಾದದ್ದು ಜಿಗಿಹುಳು

ಕೊಡಗಿನ ಪೊನ್ನಂಪೇಟೆ, ಶ್ರೀಮಂಗಲ ಕಡೆಯ ಬೈಲುಗದ್ದೆಗಳಲ್ಲಿ ನಾಟಿಯಾಗಿ ತಿಂಗಳು ಕಳೆದ ಭತ್ತ ಹಳದಿಯಾಗಿ ಕುಳ್ಳಗೆ ನಿಂತರೆ ನಾನು ಮೊದಲು ಅನುಮಾನಿಸುವುದು ಮಣ್ಣನ್ನು, ವೈರಸನ್ನಲ್ಲ. ಹುಳಿ ಮಣ್ಣು, ಮೇಲಿನ ತೋಟದಿಂದ ಒಸರಿ ಬಂದು ನಿಲ್ಲುವ ನೀರು. ಕಬ್ಬಿಣ ಹೆಚ್ಚಾಗಿ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ ಏಳುತ್ತದೆ. ಸತುವಿನ ಕೊರತೆಯೂ ಹೀಗೆಯೇ ಮೋಸ ಮಾಡುತ್ತದೆ. ಆದರೆ ಮಣ್ಣಿನ ದೋಷ ಒಸರಿನ ಗುಂಟ, ತಗ್ಗಿನಲ್ಲಿ, ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಶುರುವಿನಲ್ಲಿ ವೈರಸ್ ಚದುರಿದಂತಿರುತ್ತದೆ: ಒಂದು ಬುಡ ಕುಳ್ಳು, ಪಕ್ಕದ್ದು ದಷ್ಟಪುಷ್ಟ. ಏಲಕ್ಕಿಗೆ ವೈರಸ್ಸಿನಿಂದ ಬರುವ ಕಟ್ಟೆ ರೋಗ ನೋಡಿದವರಿಗೆ ಈ ಹಂಚಿಕೆ ಹೊಸದಲ್ಲ.

ಅನುಮಾನದ ಮೂರು ನಾಲ್ಕು ಬುಡಗಳನ್ನು ಬೇರುಸಮೇತ ಕಿತ್ತು, ಒಳ್ಳೆಯ ಮಣ್ಣಿನ ಕುಂಡದಲ್ಲಿ ನೆಟ್ಟು, ನುಣ್ಣನೆಯ ಬಲೆಯೊಳಗಿಡುತ್ತೇನೆ. ಎರಡು ಮೂರು ವಾರದಲ್ಲಿ ಹೊಸ ಎಲೆ ಸರಿಯಾಗಿ ಬಂದರೆ ಅಲ್ಲಿಗೆ ತನಿಖೆ ಮುಗಿಯಿತು. ಹೊಸ ಎಲೆಯೂ ಹಾಗೆಯೇ ಬಂದರೆ ಮುಂದಿನ ಕೆಲಸ.

ತುಂಗ್ರೋ (ಹಸಿರು ಜಿಗಿಹುಳು ಎಂಬ ರಸ ಹೀರುವ ಕೀಟ ಹರಡುವ ಭತ್ತದ ವೈರಸ್ ರೋಗ) ಇರಬಹುದೇ ಎಂದು ಗದ್ದೆಯ ಬದುವಿನಲ್ಲೇ ನೋಡಲು ಹಳೆಯ ಅಯೋಡಿನ್ ಪರೀಕ್ಷೆ ಈಗಲೂ ಉಪಯೋಗಕ್ಕೆ ಬರುತ್ತದೆ. 100 ಮಿ.ಲೀ. ನೀರಿಗೆ 6 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 2 ಗ್ರಾಂ ಅಯೋಡಿನ್. ಬೆಳಗ್ಗೆ 6 ಗಂಟೆಯೊಳಗೆ ಎಲೆಯ ತುದಿಯ 10 ಸೆಂ.ಮೀ. ಕತ್ತರಿಸಿ, ಕತ್ತರಿಸಿದ ತುದಿಯನ್ನು 15 ನಿಮಿಷ ಅದ್ದಿಡಬೇಕು. ಕಡುನೀಲಿ ಗೆರೆ ಮೂಡಿದರೆ ಪಿಷ್ಟ ಎಲೆಯಲ್ಲೇ ಉಳಿದಿದೆ ಎಂದರ್ಥ, ತುಂಗ್ರೋದ ಅನುಮಾನ ಬಲವಾಗುತ್ತದೆ. ಹೊತ್ತೇರಿದ ಮೇಲೆ ಕಿತ್ತರೆ ಆರೋಗ್ಯದ ಎಲೆಯೂ ನೀಲಿಯಾಗುತ್ತದೆ. ಅದಕ್ಕೇ ಅದೇ ಗದ್ದೆಯ ಒಳ್ಳೆಯ ಎಲೆಯೊಂದು ಜೊತೆಗಿರಲೇಬೇಕು. ಇದು ಸುಳಿವು ಅಷ್ಟೆ, ತೀರ್ಪಲ್ಲ.

ಎಲೆ ಹಳದಿಯಾಗದೆ ಕಡುಹಸಿರಾಗಿದ್ದು ಗಿಡ ಮಾತ್ರ ಕುಳ್ಳಾಗಿದ್ದರೆ ಬೆರಳಿಗೆ ಕೆಲಸ. ಕಾಂಡದ ಮೇಲೆ ಉಗುರು ತಾಗದಂತೆ ಬೆರಳು ಎಳೆದರೆ ಮೇಣದ ಹನಿ ಒಣಗಿದಂಥ ಸಣ್ಣ ಉಬ್ಬುಗಳು ಸಾಲಾಗಿ ಸಿಗುತ್ತವೆ. ಮೊದಲು ಬಿಳಿ, ಆಮೇಲೆ ಕಪ್ಪು. ಮೇಲಿನ ಗೆಣ್ಣುಗಳಲ್ಲಿ ಗಾಳಿಬೇರು, ಕವಲು. ಬಿಳಿಬೆನ್ನಿನ ಜಿಗಿಹುಳು ಹರಡುವ ದಕ್ಷಿಣದ ಕಪ್ಪುಗೆರೆ ಕುಳ್ಳು ವೈರಸ್ಸಿನ ಚಹರೆ ಇದು. ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ 2001ರಲ್ಲಿ ಮೊದಲು ಕಂಡ ಈ ವೈರಸ್ 2022ರಲ್ಲಿ ಪಂಜಾಬ್, ಹರಿಯಾಣದ ಭತ್ತದಲ್ಲಿ ಪತ್ತೆಯಾಯಿತು.

ಮಾದರಿ ಕಾಪಾಡುವುದೇ ಕೊಡಗಿನ ಮಳೆಗಾಲದಲ್ಲಿ ದೊಡ್ಡ ತಲೆನೋವು. ಕರೆಂಟು ಹೋಗಿ ಫ್ರೀಜರ್ ಕರಗಿದರೆ ವೈರಸ್ಸಿನ ಗುರುತು ಹೇಳುವ ಆರ್‌ಎನ್‌ಎ (ತಳಿಮಾಹಿತಿ ಹೊತ್ತ ಅಣು) ಹೋದಂತೆಯೇ. ಹಾಗಾಗಿ ಎಳೆಯ ಎಲೆಯನ್ನು ಸಣ್ಣ ತುಂಡು ಮಾಡಿ ಒಂದು ಪಾಲು ಆರ್‌ಎನ್‌ಎ ರಕ್ಷಕ ದ್ರಾವಣದಲ್ಲಿ, ಇನ್ನೊಂದು ಪಾಲು ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ನೀಲಿ ಜೆಲ್ ನೋಡುನೋಡುತ್ತಲೇ ಗುಲಾಬಿಗೆ ತಿರುಗುತ್ತದೆ. ಹುರಿದು ಮತ್ತೆ ನೀಲಿ ಮಾಡಬಹುದು. ಆದರೆ ಆ ನೀಲಿ ಕೋಬಾಲ್ಟ್ ಕ್ಲೋರೈಡ್, ವಿಷ. ಅಡುಗೆಮನೆಯ ಬಾಣಲೆ ಮುಟ್ಟಬೇಡಿ.

ಪ್ರಯೋಗಾಲಯದಲ್ಲಿ 100 ಮಿ.ಗ್ರಾಂ ಎಲೆಗೆ 1 ಮಿ.ಲೀ. ಟ್ರೈಜಾಲ್, ಅಂದರೆ ಆರ್‌ಎನ್‌ಎ ಬೇರ್ಪಡಿಸುವ ದ್ರಾವಣ. ಮೊದಲು ಗೊತ್ತಿರುವ ವೈರಸ್‌ಗಳ ಪ್ರೈಮರ್ (ಆಯಾ ವೈರಸ್ಸಿಗೆ ಅಂಟುವ ಡಿಎನ್‌ಎ ತುಣುಕು) ಹಾಕಿ ಆರ್‌ಟಿ-ಪಿಸಿಆರ್, ಅಂದರೆ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ ಹೆಚ್ಚಿಸಿ ನೋಡುವ ಪರೀಕ್ಷೆ. ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ: ಕಪ್ಪುಗೆರೆ ಕುಳ್ಳು ವೈರಸ್ಸಿನದ್ದು ಎರಡೆಳೆಯ ಆರ್‌ಎನ್‌ಎ. ಅದನ್ನು 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ ತಕ್ಷಣ ಐಸ್ ಮೇಲಿಡದಿದ್ದರೆ ಎಳೆ ಬಿಡಿಸಿಕೊಳ್ಳುವುದಿಲ್ಲ, ವೈರಸ್ ತುಂಬಿದ ಗಿಡವೂ ‘ಇಲ್ಲ’ ಎನ್ನಬಹುದು. ಮಾದರಿ ಕೆಟ್ಟಿಲ್ಲವೆಂದು ತೋರಿಸುವ ಭತ್ತದ ಸ್ವಂತ ಆಕ್ಟಿನ್ ಜೀನ್ ಜೊತೆಗಿಟ್ಟು ಪರೀಕ್ಷಿಸದ ‘ಇಲ್ಲ’ವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಲ್ಲವೂ ಇಲ್ಲ ಎಂದಾಗ ಸೀಕ್ವೆನ್ಸಿಂಗ್: ಮಾದರಿಯಲ್ಲಿರುವ ಆರ್‌ಎನ್‌ಎಯ ಅಕ್ಷರಸರಣಿಯನ್ನು ಓದಿಸುವುದು. ಕಳಿಸುವಾಗ ಗಿಡದ್ದೇ ಆಗಿ ರಾಶಿ ಇರುವ ರೈಬೋಸೋಮಿನ ಆರ್‌ಎನ್‌ಎ ತೆಗೆದುಹಾಕುವ ವಿಧಾನವನ್ನೇ ಕೇಳಿ. ಕೆಲವು ಆರ್‌ಎನ್‌ಎಗಳ ತುದಿಗಿರುವ ಪಾಲಿ-ಎ ಬಾಲ ಹಿಡಿದು ಆರಿಸಿದರೆ ಬಾಲವಿಲ್ಲದ ವೈರಸ್‌ಗಳು ಜಾರಿಹೋಗುತ್ತವೆ. ಫಲಿತಾಂಶದಲ್ಲಿ ಎಲ್ಲಿಯೂ ಹೊಂದದ ಸರಣಿ ಸಿಕ್ಕಿತೆಂದು ಹಿಗ್ಗುವುದೂ ಬೇಡ. ಕಂದು ಜಿಗಿಹುಳುವಿನದೇ ಒಂದು ರಿಯೋವೈರಸ್ ಇದೆ. ಹುಳು ರಸ ಹೀರುವಾಗ ಅದು ಗಿಡದೊಳಗೆ ಬೀಳುತ್ತದೆ, ಆದರೆ ಗಿಡದಲ್ಲಿ ವೃದ್ಧಿಯಾಗುವುದಿಲ್ಲ. ತುಂಗ್ರೋದ ಡಿಎನ್‌ಎ ವೈರಸ್ಸನ್ನು ಹೋಲುವ ತುಣುಕುಗಳಂತೂ ಭತ್ತದ ಸ್ವಂತ ಜೀನೋಮಿನಲ್ಲೇ ಕೂತಿವೆ. ಸರಣಿ ಸಿಕ್ಕಿದ್ದು ಬೇರೆ, ಅದೇ ರೋಗ ತಂದದ್ದು ಬೇರೆ. ಎರಡನ್ನೂ ಜೋಡಿಸುವುದು ಹುಳುವೇ.

ಗದ್ದೆಯಿಂದ ಹೀರುಕೊಳವೆಯಲ್ಲಿ ಪ್ರೌಢ ಹುಳುಗಳನ್ನು ಮಾತ್ರ ತರಬೇಕು, ಗಿಡಸಮೇತ ಅಲ್ಲ. ಗಿಡದೊಂದಿಗೆ ಮಿರಿಡ್ ತಿಗಣೆಯ ಮೊಟ್ಟೆಯೂ ಬಂದರೆ ಅದರ ಮರಿಗಳು ಗೂಡಿನಲ್ಲಿರುವ ಜಿಗಿಹುಳುವಿನ ಮೊಟ್ಟೆಯನ್ನೆಲ್ಲ ಹೀರಿ ಖಾಲಿ ಮಾಡುತ್ತವೆ. ಜಿಗಿಹುಳುವಿಗೆ ಸುಲಭವಾಗಿ ತುತ್ತಾಗುವ ಟಿಎನ್-1 ಭತ್ತದ ತಳಿಯ ಶುದ್ಧ ಸಸಿಗಳ ಮೇಲೆ ಮೊಟ್ಟೆಯಿಡಿಸಿ ಪ್ರೌಢಗಳನ್ನು ತೆಗೆದುಬಿಡುತ್ತೇನೆ. ಕಪ್ಪುಗೆರೆ ಕುಳ್ಳು ವೈರಸ್ ಮೊಟ್ಟೆಯ ಮೂಲಕ ದಾಟುವುದಿಲ್ಲ, ಮರಿಗಳು ಶುದ್ಧ. ಆದರೆ ಹಾಗೆ ದಾಟುವ ವೈರಸ್‌ಗಳೂ ಇವೆ. ಗುರುತೇ ಸಿಗದ ವೈರಸ್ಸಿನ ವಿಷಯದಲ್ಲಿ ನಂಬಿಕೆ ಬೇಡ: ರೋಗದ ಗಿಡ ಮುಟ್ಟದ ಮರಿಗಳನ್ನು ಕನಿಷ್ಠ ಹತ್ತು ಸಸಿಗಳಿಗೆ ಬಿಟ್ಟು ನೋಡಿ.

ಎರಡು ಮೂರನೇ ಹಂತದ ಮರಿಗಳನ್ನು ರೋಗದ ಗಿಡದ ಮೇಲೆ 2 ದಿನ ಬಿಡುತ್ತೇನೆ. ಆಮೇಲೆ ಒಂದು ಗಾಜಿನ ಕೊಳವೆ, ಒಂದು ವಾರದ ಒಂದು ಸಸಿ, ಒಂದೇ ಹುಳು. ಪ್ರತಿದಿನ ಅದೇ ಹುಳುವನ್ನು ಹೊಸ ಸಸಿಗೆ ವರ್ಗ ಮಾಡುತ್ತಾ, ಕನಿಷ್ಠ ಮೂರು ವಾರ. ಬೇಸರದ ಕೆಲಸ, ನಿಜ. ಆದರೆ ಮೊದಲ ದಿನದಿಂದಲೇ ಸಸಿಗೆ ರೋಗ ಬಂದು ನಾಲ್ಕೈದು ದಿನದಲ್ಲಿ ನಿಂತರೆ ಅದು ತುಂಗ್ರೋದ ಬಗೆ, ಹಸಿರು ಜಿಗಿಹುಳುವಿನ ದಾರಿ. ಮೊದಲ ವಾರ ಏನೂ ಇಲ್ಲದೆ, ಆಮೇಲೆ ಶುರುವಾಗಿ ಹುಳು ಸಾಯುವವರೆಗೂ ಮುಂದುವರಿದರೆ ವೈರಸ್ ಹುಳುವಿನೊಳಗೂ ವೃದ್ಧಿಯಾಗುತ್ತಿದೆ. ಹುಳು ಸತ್ತಕೂಡಲೇ ಶುದ್ಧ ಎಥನಾಲಿಗೆ, ಅದೇ ಕೊಳವೆಯ ಸಂಖ್ಯೆಯೊಂದಿಗೆ. ರೋಗ ಬಂದ ಸಸಿಯಲ್ಲಿ ಮತ್ತೆ ಅದೇ ಸರಣಿ ಸಿಗಬೇಕು. ರೋಗದ ಗಿಡ ಮುಟ್ಟದ ಹುಳುಗಳಿಗೆ ಕೊಟ್ಟ ಸಸಿಯಲ್ಲಿ ಸಿಗಬಾರದು.

ಆಗಸ್ಟಿನ ಚಳಿಗೆ ಹುಳುವಿನ ಬೆಳವಣಿಗೆ ನಿಧಾನವಾಗಿ ದಿನದ ಲೆಕ್ಕ ಜಾರುತ್ತದೆ. ಕೋಣೆ 26 ಡಿಗ್ರಿಯ ಆಸುಪಾಸು ಇರಲಿ. ತೇವಕ್ಕೆ ಹುಳುಗಳ ಮೇಲೆ ಬಿಳಿ ಬೂಸು ಹಿಡಿಯುತ್ತದೆ, ಹಾಗಾಗಿ ಕೊಳವೆಯ ಬಾಯಿಗೆ ಹತ್ತಿ ತುರುಕುವ ಬದಲು ಬಲೆಬಟ್ಟೆ. ಕುಂಡಗಳು ನೀರಿನ ತಟ್ಟೆಯಲ್ಲಿ, ಇಲ್ಲವಾದರೆ ಇರುವೆ.

ಹುತ್ತರಿ ಕಳೆದು ಕೊಯ್ಲಾದ ಮೇಲೆ ಗದ್ದೆಯಲ್ಲಿ ರೋಗದ ಗಿಡ ಸಿಗುವುದು ಕಷ್ಟ, ಇಂಥ ವೈರಸ್ ಬೀಜದಲ್ಲೂ ಉಳಿಯುವುದಿಲ್ಲ. ಎರಡು ಮೂರು ಬುಡಗಳನ್ನು ಕೂಳೆಯಾಗಿ ಬಲೆಯೊಳಗೆ ಉಳಿಸಿಕೊಂಡು, ಅವು ಮುದಿಯಾಗುವ ಮುಂಚೆ ಹುಳುವಿನ ಮೂಲಕ ಹೊಸ ಸಸಿಗೆ ದಾಟಿಸುತ್ತಿರಬೇಕು.