ಹತ್ತನೇ ಕ್ಲಾಸಿನ ನಿಯಮ ಎಲ್ಲಿಯವರೆಗೆ ನಡೆಯುತ್ತದೆ?

ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಮುಂದಿನ ವರ್ಷದಿಂದ ಪ್ಲಸ್ ಒನ್ (ಹನ್ನೊಂದನೇ) ಕ್ಲಾಸು ಅಂತ ಗೊತ್ತಾದಾಗ ಕೈಯಲ್ಲಿ ಎಪ್ರಿಲ್, ಮೇ ರಜೆ ಇತ್ತು. ಎಂ.ಎಸ್ಸಿ. ಇದೆ, ಬಿ.ಎಡ್. ಇದೆ, ಹೈಯರ್ ಸೆಕೆಂಡರಿ ಟೀಚರ್ ಆಗಲು ಬೇಕಾದ ಸೆಟ್ ಪರೀಕ್ಷೆಯೂ ಪಾಸಾಗಿದೆ. ಕಾಗದಪತ್ರದಲ್ಲಿ ಏನೂ ಬಾಕಿ ಇಲ್ಲ. ಆದರೆ ಸರ್ಟಿಫಿಕೇಟು ಹೇಳುವುದು ಕೆಲಸಕ್ಕೆ ಅರ್ಹತೆ ಇದೆ ಅಂತ ಮಾತ್ರ. ಬೋರ್ಡಿನ ಮುಂದೆ ನಿಂತಾಗ ಮಕ್ಕಳು ಸರ್ಟಿಫಿಕೇಟು ಕೇಳುವುದಿಲ್ಲ, ‘ಯಾಕೆ ಟೀಚರ್?’ ಅಂತ ಕೇಳುತ್ತಾರೆ. ಹಾಗಾಗಿ ಬೀಜಗಣಿತದ ಪಾಠಗಳನ್ನು ಹಿಡಿದು ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡೆ. ನನ್ನ ಹಾಗೆ ಹೈಸ್ಕೂಲಿನಿಂದ ಮೇಲೆ ಹೋಗುವವರು ನಮ್ಮ ಕಡೆ ಇನ್ನೂ ಇದ್ದಾರೆ ಅಲ್ವಾ, ಅವರಿಗೆ ಉಪಯೋಗವಾದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹಳೆಯ ಪ್ಲಸ್ ಒನ್ ಪ್ರಶ್ನೆಪತ್ರಿಕೆಗಳನ್ನು ತಂದು, ಗಡಿಯಾರ ಇಟ್ಟುಕೊಂಡು, ಪ್ರಶ್ನೆ ಓದಿಕೊಳ್ಳಲು ಕೊಡುವ ಹದಿನೈದು ನಿಮಿಷದ ಕೂಲ್ ಆಫ್ ಟೈಮ್ ಸಮೇತ ಬರೆದೆ. ಮಾರ್ಕು ಬಂತು. ಅದರಿಂದ ಜಾಸ್ತಿ ಏನೂ ತಿಳಿಯಲಿಲ್ಲ. ಲೆಕ್ಕ ಮಾಡಲು ಬರುತ್ತದೆ ಅನ್ನುವುದು ಮೊದಲೇ ಗೊತ್ತಿತ್ತಲ್ಲ.

ಉಪಯೋಗಕ್ಕೆ ಬಂದದ್ದು ಆಮೇಲಿನ ಕೆಲಸ. ಅದೇ ಉತ್ತರಗಳನ್ನು ಮತ್ತೆ ತೆಗೆದು, ಪುಟದ ಬಲಗಡೆ ಗೆರೆ ಎಳೆದು, ಪ್ರತಿ ಹೆಜ್ಜೆಯ ಎದುರು ‘ಇದು ಯಾಕೆ ಸರಿ?’ ಅನ್ನುವುದಕ್ಕೆ ಒಂದು ಸಾಲು ಬರೆದೆ. ಕ್ಲಾಸಿನಲ್ಲಿ ಹೇಳಿ ಒಪ್ಪಿಸಬಲ್ಲೆ ಅಂತ ಅನಿಸಿದಲ್ಲಿ ಸರಿ ಗುರುತು. ನನಗೆ ಗೊತ್ತು, ಆದರೆ ಹದಿನಾರು ವರ್ಷದ ಮಕ್ಕಳಿಗೆ ಹೇಳುವ ದಾರಿ ಕಾಣದಿದ್ದಲ್ಲಿ ತ್ರಿಕೋನ. ‘ನಿಯಮ ಹಾಗಿದೆ’ ಅಂತ ಮಾತ್ರ ಬರೆಯಲು ಸಾಧ್ಯವಾದಲ್ಲಿ ಕೆಂಪು ಚುಕ್ಕಿ.

ಕೆಂಪು ಚುಕ್ಕಿ ಬಿದ್ದದ್ದು ಕಷ್ಟದ ಪಾಠಗಳಲ್ಲಿ ಅಲ್ಲ. ಹತ್ತನೇ ಕ್ಲಾಸಿನಲ್ಲಿ ನಾವೇ ಹೇಳಿಕೊಟ್ಟು, ಮೇಲಿನ ಕ್ಲಾಸಿನಲ್ಲಿ ಸುಮ್ನೆ ಬಳಸಿಕೊಂಡು ಹೋಗುವ ನಿಯಮಗಳ ಎದುರಿಗೆ. ಅಲ್ಲಿಂದ ನನ್ನ ಪರೀಕ್ಷೆಯ ಪ್ರಶ್ನೆಯೇ ಬದಲಾಯಿತು: ಈ ನಿಯಮ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ?

ವರ್ಗಸಮೀಕರಣವನ್ನೇ ನೋಡಿ. ಎಕ್ಸ್² + 2ಎಕ್ಸ್ = 15 ಅಂತ ಇದ್ದರೆ ನಾವು ಹತ್ತರಲ್ಲಿ ಚೌಕ ಬರೆದು ತೋರಿಸುತ್ತೇವೆ. ಬದಿ ಎಕ್ಸ್ ಇರುವ ಒಂದು ಚೌಕ, ಅದರ ಎರಡು ಬದಿಗೆ 1 ಅಗಲದ ಎರಡು ಪಟ್ಟಿ, ಮೂಲೆಯಲ್ಲಿ 1ರ ಸಣ್ಣ ಚೌಕ ಸೇರಿಸಿದರೆ ಒಟ್ಟು ವಿಸ್ತೀರ್ಣ 16, ಬದಿ 4, ಎಕ್ಸ್ = 3. ಮಕ್ಕಳಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಆದರೆ −5 ಕೂಡ ಉತ್ತರವೇ, ಅದು ಚಿತ್ರದಲ್ಲಿ ಇಲ್ಲ. ಪ್ಲಸ್ ಒನ್‌ಗೆ ಬಂದಾಗ ಎಕ್ಸ್² + 2ಎಕ್ಸ್ + 5 = 0. ಅದೇ ರೀತಿ ಮಾಡಿದರೆ ಎಕ್ಸ್ + 1ರ ವರ್ಗ −4. ಚೌಕದ ವಿಸ್ತೀರ್ಣ ಮೈನಸ್ ನಾಲ್ಕು! ‘ವರ್ಗ −1 ಆಗುವ ಹೊಸ ಸಂಖ್ಯೆ ಐ, ಅದನ್ನು ಇಲ್ಲಿ ಹಾಕಿ’ ಅಂದರೆ ಮಕ್ಕಳು ಹಾಕುತ್ತಾರೆ. ಆದರೆ ಹಿಂದಿನ ವರ್ಷ ನಾವೇ ಕೊಟ್ಟ ಚಿತ್ರ ಏನಾಯಿತು ಅಂತ ಅವರು ಕೇಳಿದರೆ?

ಇದಕ್ಕೆ ನಾನು ಕಂಡುಕೊಂಡ ದಾರಿ ಗಣಿತಜ್ಞ ಮಹಾವೀರಾಚಾರ್ಯರ ಮೂಲಕ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದವರು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ ಅವರು ಆಗಲೇ ಹೇಳಿದ್ದಾರೆ. ಅವರು ಹೇಳಿದ್ದು ಸರಿ, ಅವರ ಕೈಯಲ್ಲಿದ್ದ ಸಂಖ್ಯೆಗಳ ಮಟ್ಟಿಗೆ. ನಾವೀಗ ಹೊಸ ಸಂಖ್ಯೆ ತರುತ್ತಿದ್ದೇವೆ, ಚಿತ್ರವನ್ನು ಇಲ್ಲಿಗೆ ಬಿಡೋಣ, ಹಳೆಯ ನಿಯಮಗಳಲ್ಲಿ ಯಾವುದು ಜೊತೆಗೆ ಬರುತ್ತದೆ ನೋಡೋಣ. ಹೀಗೆ ಹೇಳಿದರೆ ಮುಂದಿನ ಹೆಜ್ಜೆ ಸುಲಭ. √−4 × √−9 ಎಷ್ಟು? ಹಳೆಯ ನಿಯಮದಂತೆ ಒಳಗೆ ಗುಣಿಸಿದರೆ √36, ಅಂದರೆ 6. ಬಿಡಿಸಿ ಮಾಡಿದರೆ 2ಐ × 3ಐ, ಅಂದರೆ −6. ಎರಡನೆಯದೇ ಸರಿ. ವರ್ಗಮೂಲಗಳನ್ನು ಒಂದೇ ಚಿಹ್ನೆಯ ಒಳಗೆ ಸೇರಿಸುವ ನಿಯಮ ಎರಡೂ ಸಂಖ್ಯೆ ಋಣವಾದಲ್ಲಿ ನಿಂತಿತು. ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಜಿಯೋಜೀಬ್ರಾ ಅನ್ನುವ ಸಾಫ್ಟ್‌ವೇರ್ ತೆರೆದು, ಎಕ್ಸ್² + 2ಎಕ್ಸ್ + 5ರ ಗ್ರಾಫು ಎಕ್ಸ್ ಅಕ್ಷವನ್ನು ಮುಟ್ಟದೆ ಮೇಲೆಯೇ ನಿಲ್ಲುವುದನ್ನೂ ತೋರಿಸಬಹುದು. ಆದರೆ ನನ್ನ ಅಭಿಪ್ರಾಯದಲ್ಲಿ ಅದು ಎರಡನೇ ಹೆಜ್ಜೆ. ಮೊದಲೇ ತೋರಿಸಿದರೆ ಮಕ್ಕಳು ‘ಮುಟ್ಟುವುದಿಲ್ಲ, ಉತ್ತರ ಇಲ್ಲ’ ಅಂತ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ.

ಇನ್ನೊಂದು ಜಾಗ ಅಸಮತೆ. 1/ಎಕ್ಸ್ ಅನ್ನುವುದು 1ಕ್ಕಿಂತ ಕಡಿಮೆ ಅಂತ ಕೊಟ್ಟರೆ ಸಮೀಕರಣದ ಅಭ್ಯಾಸದಲ್ಲಿ ಎರಡೂ ಕಡೆ ಎಕ್ಸ್‌ನಿಂದ ಗುಣಿಸಿ, ಎಕ್ಸ್ 1ಕ್ಕಿಂತ ಜಾಸ್ತಿ ಅಂತ ಬರೆದು ಮುಗಿಸುತ್ತಾರೆ. −2 ಹಾಕಿ ನೋಡಿ. −½ ಕೂಡ 1ಕ್ಕಿಂತ ಕಡಿಮೆಯೇ. ಸೊನ್ನೆಗಿಂತ ಕೆಳಗಿನ ಎಲ್ಲ ಸಂಖ್ಯೆಗಳೂ ಬಿಟ್ಟುಹೋದವು.

ಸೊನ್ನೆಯದ್ದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾದರೆ ಅವುಗಳಲ್ಲಿ ಒಂದಾದರೂ ಸೊನ್ನೆ. ಅಪವರ್ತಿಸಿ ವರ್ಗಸಮೀಕರಣ ಬಿಡಿಸುವಾಗ ನಿಂತಿರುವುದು ಇದರ ಮೇಲೆಯೇ. ಪ್ಲಸ್ ಟುವಿನಲ್ಲಿ ಸಂಖ್ಯೆಗಳನ್ನು ಸಾಲು, ಕಂಬಗಳಲ್ಲಿ ಜೋಡಿಸಿ ಬರೆಯುವ ಮ್ಯಾಟ್ರಿಕ್ಸ್‌ನಲ್ಲಿ ಇದು ಕೈಕೊಡುತ್ತದೆ. ಮೇಲಿನ ಸಾಲು 0, 1. ಕೆಳಗಿನ ಸಾಲು 0, 0. ಈ ಮ್ಯಾಟ್ರಿಕ್ಸನ್ನು ಅದರಿಂದಲೇ ಗುಣಿಸಿದರೆ ಎಲ್ಲವೂ ಸೊನ್ನೆ! ಡಿಗ್ರಿಯಲ್ಲಿ ರಿಂಗು, ಫೀಲ್ಡು ಅಂತ, ಅಂದರೆ ಯಾವ ಸಂಖ್ಯಾ ವ್ಯವಸ್ಥೆಯಲ್ಲಿ ಯಾವ ನಿಯಮ ನಡೆಯುತ್ತದೆ ಅಂತ ಓದಿದ್ದು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದು.

ಕ್ರಮಯೋಜನೆ, ವಿಕಲ್ಪದಲ್ಲಿ (ಪರ್ಮ್ಯುಟೇಷನ್, ಕಾಂಬಿನೇಷನ್) ಹೆಚ್ಚಿನವು ತ್ರಿಕೋನಗಳು. ಇಲ್ಲಿ ಊರಿನ ಉದಾಹರಣೆ ಸಾಕಾಗುತ್ತದೆ. ಯಕ್ಷಗಾನಕ್ಕೆ ಐದು ಹುಡುಗರಿದ್ದಾರೆ. ಅವರಲ್ಲಿ ರಾಮ, ಲಕ್ಷ್ಮಣ ಮಾಡಲು ಇಬ್ಬರನ್ನು ಆರಿಸುವುದು 20 ರೀತಿ. ಕೋಡಂಗಿ ಕುಣಿಯಲು ಇಬ್ಬರು ಸಾಕಾದರೆ 10 ರೀತಿ. ಅದಲುಬದಲಾದರೆ ವ್ಯತ್ಯಾಸ ಇದೆಯೋ ಇಲ್ಲವೋ, ಅಷ್ಟೇ. ಆಯ್ಕೆಯ ಈ ಸೂತ್ರವನ್ನೂ ಮಹಾವೀರಾಚಾರ್ಯರು ಕೊಟ್ಟಿದ್ದಾರೆ ಅಂತ ಹೇಳಿದರೆ ಕನ್ನಡದ ಮಕ್ಕಳ ಮುಖ ಅರಳುತ್ತದೆ.

ಇಷ್ಟೆಲ್ಲ ಒಬ್ಬಳೇ ಕೂತು ಮಾಡಿದ್ದು. ನಾವು ಬರೆದುಕೊಂಡ ‘ಯಾಕೆ’ ನಮಗೆ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಅದಕ್ಕೆ ಇನ್ನೊಬ್ಬರ ಕಿವಿ ಬೇಕು. ಪ್ಲಸ್ ಒನ್, ಪ್ಲಸ್ ಟುವಿಗೆ ಕಲಿಸುವ ಮಲಯಾಳಿ ಮಾಷ್ ಒಬ್ಬರು ಬದಿಯಡ್ಕ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ. ಹತ್ತು ಮುಗಿಸಿದ ನಮ್ಮ ಕೆಲವು ಮಕ್ಕಳನ್ನು ಕರೆದು ಅವರ ಎದುರು ಸಣ್ಣ ಸಣ್ಣ ಪಾಠ ಮಾಡಿದೆ. ಮಾಷ್‌ಗೆ ಒಂದೇ ಕೆಲಸ, ಅಡ್ಡ ಬಾಯಿ ಹಾಕುವುದು. “ಟೀಚರೇ, ಎಕ್ಸ್ ಮೈನಸ್ ಆದ್ರೆ?” “ಟೀಚರೇ, ಅದು ಸೊನ್ನೆ ಅಲ್ಲ ಅಂತ ಯಾರು ಹೇಳಿದ್ರು?” ಮಕ್ಕಳಿಗೂ ಧೈರ್ಯ ಬಂತು, ಅವರೂ ಶುರು ಮಾಡಿದರು. ಉತ್ತರ ಕೊಡುವಾಗ ನಾನು ‘ಅದು ಹಾಗೆಯೇ’ ಅಂದಲ್ಲೆಲ್ಲ ಮಾಷ್ ಚೀಟಿಯಲ್ಲಿ ಗೆರೆ ಹಾಕುತ್ತಿದ್ದರು.

ಭಾಷೆಯ ವಿಷಯವನ್ನೂ ಅಲ್ಲಿಯೇ ನೋಡಿಕೊಂಡೆ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಕೊಂಕಣಿ ಹೀಗೆ ಏನೇನೋ ಮಾತಾಡಿ, ಹತ್ತರವರೆಗೆ ಗಣಿತ ಕನ್ನಡದಲ್ಲಿ ಓದಿ, ಪ್ಲಸ್ ಒನ್‌ನಲ್ಲಿ ಎನ್‌ಸಿಇಆರ್‌ಟಿಯ ಇಂಗ್ಲಿಷ್ ಪುಸ್ತಕ ಹಿಡಿಯುತ್ತಾರೆ. ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ವಿವರಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಸಲು ನನಗೆ ತಡವರಿಸದೆ ಆಗುತ್ತದೆಯೇ ಅಂತ ನೋಡಿದೆ. ಆಗುತ್ತದೆ, ಆದರೆ ಸಮಯ ಜಾಸ್ತಿ ಬೇಕು. ಅದನ್ನು ಲೆಕ್ಕ ಹಾಕಿಯೇ ಟೀಚಿಂಗ್ ಪ್ಲಾನ್ ಬರೆದೆ.

ಪರಿಣತರು ಇದಕ್ಕೆಲ್ಲ ಹೆಸರು ಕೊಟ್ಟಿದ್ದಾರೆ. ವಿಷಯ ತಿಳಿದಿರುವುದು ಬೇರೆ, ಅದನ್ನು ಕಲಿಸಲು ಬೇಕಾದ ತಿಳಿವಳಿಕೆ ಬೇರೆ ಅಂತ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲೇ ಬರೆದರು. ಬಿ.ಎಡ್.ನಲ್ಲಿ ಪರೀಕ್ಷೆಗೆ ಬೇಕು ಅಂತ ಓದಿದ್ದೆವು.

ರಜೆ ಮುಗಿಯುವಾಗ ಕೆಂಪು ಚುಕ್ಕಿಗಳು ಬಹುಪಾಲು ಹೋಗಿದ್ದವು. (ಎ + ಬಿ)ಯ ಘಾತವನ್ನು ಬಿಡಿಸಿ ಬರೆಯುವ ದ್ವಿಪದ ಪ್ರಮೇಯದ ಎದುರು ಮಾತ್ರ ತ್ರಿಕೋನ ಹಾಗೆಯೇ ಉಳಿದಿತ್ತು. ಸಹಗುಣಕಗಳು ಎಲ್ಲಿಂದ ಬಂದವು ಅಂತ ನಾನು ಹೇಳುವ ರೀತಿ ನನಗೇ ಉದ್ದ ಅನಿಸುತ್ತಿತ್ತು. ಮಾಷ್ ಹತ್ತಿರ ಹೇಳಿ, ಅವರ ಡಿವಿಷನ್‌ನಲ್ಲಿ ಆ ಪಾಠ ಒಂದು ದಿನ ಮೊದಲು ಬರುವ ಹಾಗೆ ಹೊಂದಿಸಿಕೊಂಡೆ. ಹಿಂದಿನ ಬೆಂಚಿನಲ್ಲಿ ಕೂತು ಕೇಳಿ, ಬೇಕಾದಷ್ಟು ಬರೆದುಕೊಂಡು, ಮರುದಿನ ನನ್ನ ಕ್ಲಾಸಿನಲ್ಲಿ ಅದೇ ಪಾಠ ತೆಗೆದುಕೊಂಡೆ.